ಅಕ್ಕೋರ ಸಿನಿಮಾಕ್ಕೆ ನಾವೆಲ್ಲ ಮಾಡಿದ ಸಹಾಯ

ಈ ಸಂಗತಿಯ ಬುಡವನ್ನು ನನಗೆ ಮೊದಲು ಹೇಳಿದವರು ನೇಸರಗಿಯಲ್ಲಿ ನಮ್ಮ ಮಗ್ಗುಲ ಮನೆಯ ಅಕ್ಕೋರು. ಅಕ್ಕೋರೆಂದರೆ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವರು. ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ನಮ್ಮ ಕಡೆ ಅದೇ ಹೆಸರು. ಹುಟ್ಟಿನಿಂದಲೇ ಅವರಿಗೆ ಕಣ್ಣು ಕಾಣುವುದಿಲ್ಲ. ಬುಡವನ್ನು ಅವರು ಹೇಳಿದರು, ಉಳಿದದ್ದೆಲ್ಲ ನಾನೇ ಕಣ್ಣಾರೆ ಕಂಡದ್ದು. ಕಣ್ಣಾರೆ ಎಂಬ ಮಾತನ್ನು ಮಾತ್ರ ನೀವು ಕೊನೆಗೆ ಒಮ್ಮೆ ತೂಗಿ ನೋಡಬೇಕು.

ಕಣ್ಣು ಕಾಣದವರಿಗೆ ಸಹಾಯ ಮಾಡುವ ಪುಣ್ಯದ ಕೆಲಸಕ್ಕೆ ನಮ್ಮೂರಲ್ಲಿ ಜನ ಎಂದೂ ಕಡಿಮೆ ಬಿದ್ದಿಲ್ಲ. ಅಕ್ಕೋರು ಬೈಲಹೊಂಗಲದ ಬಸ್ಸಿಗಾಗಿ ಸುಮ್ಮನೆ ನಿಂತಿರುತ್ತಾರೆ. ಯಾರೋ ಒಬ್ಬ ಧರ್ಮವಂತ ಬಂದು, ಕೇಳದೆಯೇ ಕೈಹಿಡಿದು, ರಸ್ತೆ ದಾಟಿಸಿ, ಶರಣು ಹೇಳಿ ಹೋಗುತ್ತಾನೆ. ಬಸ್ಸು ಈಚೆ ದಂಡೆಗೆ ಬಂದು ಹೋಗುತ್ತದೆ. ಪುಣ್ಯ ಅವನಿಗೆ, ಮುಂದಿನ ಬಸ್ಸು ಇವರಿಗೆ. ಇಂಥವು ಇಲ್ಲಿ ನಡೆಯುತ್ತಲೇ ಇರುತ್ತವೆ. ಆದರೆ ಕಳೆದ ಶ್ರಾವಣದಲ್ಲಿ ಒಂದು ಸಿನಿಮಾದ ಸಲುವಾಗಿ ಊರ ಜನ ಕೂಡಿ ಅವರಿಗೆ ಮಾಡಿದ ಸಹಾಯದ ಮುಂದೆ ಬಸ್ಸಿನದು ಏನೂ ಅಲ್ಲ.

೧. ಅತ್ತೆಯ ಸೆರಗು

ಅಕ್ಕೋರ ತವರು ಮನೋಳಿ. ಅವರು ಸಣ್ಣವರಿದ್ದಾಗ ಹೊಳೆದಂಡೆಯ ಬಯಲಿನಲ್ಲಿ ಡೇರೆ ಹೊಡೆದು ಸಿನಿಮಾ ತೋರಿಸುತ್ತಿದ್ದರಂತೆ. ಒಮ್ಮೆ ಸೋದರತ್ತೆ ಇವರನ್ನು ಬಗಲಲ್ಲಿ ಕೂಡಿಸಿಕೊಂಡು, "ನಾ ಎಲ್ಲಾ ಹೇಳತೇನಿ, ನೀ ಸುಮ್ನ ಕೇಳು" ಎಂದು ಭರವಸೆ ಕೊಟ್ಟು ಕರೆದೊಯ್ದಳು.

ಅತ್ತೆ ಹೇಳಿದ್ದೂ ಹೌದು. "ಈಗ ಹುಡುಗಿ ಬಂದ್ಲು ನೋಡು. ಹಸರ ಸೀರಿ. ಅಂಚ ಏನ ಅಂಚ ಅದು! ಇಂಥಾದ್ದು ನಮ್ಮ ಸಂತ್ಯಾಗ ಎಲ್ಲಿ ಸಿಗಬೇಕು? ಕುಪ್ಪಸಕ್ಕ ಮಾತ್ರ ಬಟ್ಟಿ ಕಡಿಮಿ ಬಿದ್ದೈತಿ." ಹೀಗೆ ಸೀರೆ, ಬಳೆ, ಪಾತ್ರೆ, ದನಗಳ ತನಕ ಎಲ್ಲದರ ವರ್ಣನೆ ಆಯಿತು. ಕಥೆ ಏನೆಂಬುದೊಂದು ಬಿಟ್ಟು.

ಅಷ್ಟರಲ್ಲಿ ಡೇರೆಯೆಲ್ಲ ಗಪ್ಪಾಯಿತು. ಹಿಂದೆ ಕುಳಿತ ಗಂಡಸರು ಸೀಟಿ ಹೊಡೆದರು. ತಕ್ಷಣ ಅತ್ತೆ ತನ್ನ ಸೆರಗನ್ನು ಎಳೆದು ಹುಡುಗಿಯ ಎರಡೂ ಕಣ್ಣನ್ನು ಗಟ್ಟಿಯಾಗಿ ಮುಚ್ಚಿ ಹಿಡಿದಳು.

"ಅತ್ತೀ, ಯಾಕ ಕಣ್ಣ ಮುಚ್ಚತಿ?"

"ಸುಮ್ನ ಕುಂದರು. ಸಣ್ಣಾಕಿ ಅದಿ, ಇಂಥಾವ ನೋಡಬಾರದು!"

ಇದನ್ನು ಹೇಳಿ ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಹೇಳಿದರು: "ಅಣ್ಣಾರ, ನನ್ನ ತಲಿ ಬೆಳ್ಳಗಾತು. ಆ ಸೆರಗಿನ್ನೂ ಹಂಗ ಐತಿ, ಹಿಡಿಯೂ ಕೈ ಅಷ್ಟ ಬ್ಯಾರೆ ಆಗ್ಯಾವು. ಸಾಯೂದ್ರಾಗ ಒಂದ ಸಿನಿಮಾ, ಒಂದ ಸಾಕು, ಮೊದಲಿಂದ ಕಡೀತನಕ ಯಾರ ಬಾಯಿನೂ ನಡುವ ಬರಲಾರದಂಗ ನಾನ ಕೇಳಬೇಕು ನೋಡ್ರಿ."

"ಅಯ್ಯ, ಅದೇನ ದೊಡ್ಡ ಮಾತ್ರಿ ಅಕ್ಕೋರ, ನಾವಿಲ್ಲೇನ?" ಅಂದೆ ನಾನು.

"ಅದಕ್ಕ ಅಂಜಕಿ" ಅಂದರು.

೨. ಸಾವಕಾರರ ಚುಟುಕು

ರಾಮದುರ್ಗದ ಕಡೆಯ ಹೆಣ್ಣುಮಗಳೊಬ್ಬಳು ಅಕ್ಕೋರ ಕೈಯಲ್ಲಿ ಕಲಿತವಳು. ಈಗ ಬೆಳಗಾವಿಯಲ್ಲಿ ಕುಳಿತು ಪರದೇಶದ ಸಿನಿಮಾಗಳಿಗೆ ಕನ್ನಡದ ಅಡಿಬರಹ ಬರೆಯುತ್ತಾಳೆ. ತೆರೆಯ ಮೇಲಿನವರು ತಮ್ಮ ಭಾಷೆಯಲ್ಲಿ ಮಾತಾಡುತ್ತಿರುವಾಗ ಕೆಳಗೆ ನಮ್ಮ ಅಕ್ಷರ ಮೂಡುತ್ತವಲ್ಲ, ಆ ಕೆಲಸ. ಶ್ರಾವಣ ಹುಟ್ಟಿದ ವಾರ ಅವಳು ಒಂದು ಸಿನಿಮಾ ಕಳಿಸಿ ಫೋನು ಮಾಡಿದಳು. "ಅಕ್ಕೋರ, ನಾ ಬರದಿದ್ರಾಗ ಇದ ಮೊದಲನೇ ದೊಡ್ಡ ಸಿನಿಮಾರಿ. ನೀವ ಮೊದಲ ಕೇಳಬೇಕು. ಆದ್ರ ಸಿನಿಮಾದವರು ಅಮಾಸಿತನಕ ಅಷ್ಟ ಪರವಾನಿಗಿ ಕೊಟ್ಟಾರ. ಮರುದಿನ ತೆರಿಯೂದಿಲ್ರಿ."

ಅಕ್ಕೋರ ಕಂಪ್ಯೂಟರಿನಲ್ಲಿ ಓದುವ ವ್ಯವಸ್ಥೆಯೊಂದಿದೆ. ತೆರೆಯ ಮೇಲೆ ಅಕ್ಷರ ಬಂತೆಂದರೆ ಒಬ್ಬ ಹೆಂಗಸಿನ ದನಿಯಲ್ಲಿ ಅದು ಓದಿ ಹೇಳುತ್ತದೆ. ಮನೆಯಲ್ಲಿ ಅದಕ್ಕೆ 'ಓದೂವಾಕಿ' ಎಂದೇ ಹೆಸರು. ಪೇಪರು, ಸಾಲಿಯ ಸುತ್ತೋಲೆ, ಮಕ್ಕಳ ಉತ್ತರ ಎಲ್ಲವನ್ನೂ ಓದುವ ಆಕೆ ಈ ಸಿನಿಮಾ ಹಚ್ಚಿದ ಕೂಡಲೆ ಬಾಯಿ ಹೊಲಿದುಕೊಂಡಳು. ಕಾರಣವಿಷ್ಟೆ: ಅಡಿಬರಹ ಚಿತ್ರದೊಳಗೇ ಅಚ್ಚಾಗಿತ್ತು, ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಸಿಮೆಂಟಿನ ಜಾಹೀರಾತಿನ ಹಾಗೆ. ಕಣ್ಣಿದ್ದವರಿಗೆ ಅದು ಅಕ್ಷರ, ಓದೂವಾಕಿಗೆ ಅದೂ ಬರೀ ಚಿತ್ರ.

ಆಗ ಅಕ್ಕೋರ ಯಜಮಾನರು ಮುಂದೆ ಬಂದರು. ಬೈಲಹೊಂಗಲದಲ್ಲಿ ಅವರದು ಬೀಜ, ಗೊಬ್ಬರದ ಅಂಗಡಿ. ಊರೆಲ್ಲ ಸಾವಕಾರರೆಂದು ಕರೆಯುತ್ತದೆ. ಮಾತಿನಲ್ಲಿ ಬಹಳ ಮಿತವ್ಯಯಿ. "ನಾ ಓದತೇನಿ ತಗೋ" ಎಂದು ಕುರ್ಚಿ ಎಳೆದು ಕುಳಿತರು. ನಾನೂ ಅಲ್ಲೇ ಇದ್ದೆ.

ಹಿಮ ಬೀಳುವ ಯಾವುದೋ ಸೀಮೆ. ರೊಟ್ಟಿ ಸುಟ್ಟು ಮಾರುವ ಒಬ್ಬ ಹೆಣ್ಣುಮಗಳು. ಆಕೆ ಕಿಟಕಿಯ ಹತ್ತಿರ ನಿಂತು, ಬಿಕ್ಕುತ್ತ, ಬಹಳ ಹೊತ್ತು ಏನೇನೋ ಮಾತಾಡಿದಳು. ಕೆಳಗೆ ಅಕ್ಷರಗಳು ಸಾಲುಸಾಲಾಗಿ ಬಂದು ಹೋದವು. ಎಲ್ಲ ಮುಗಿದ ಮೇಲೆ ಸಾವಕಾರರು ಓದಿದರು: "ಗಂಡ ಇಲ್ಲಂತ."

"ಅಷ್ಟನ?"

"ಅಷ್ಟ."

"ಅಲ್ರೀ, ಅಷ್ಟೊತ್ತು ಅತ್ಲಲ್ಲ, ಮತ್ತೇನಂದ್ಲು?"

"ಅದನ್ನ ಹೊಳ್ಳಿ ಹೊಳ್ಳಿ ಅಂದ್ಲು."

ಹೀಗೆ ಚುಟುಕು ಚುಟುಕಾಗಿ ಅಕ್ಕೋರಿಗೆ ದಕ್ಕಿದ ಕಥೆ ಇದು: ಗಂಡ ದೋಣಿ ತೆಗೆದುಕೊಂಡು ಹೋದವನು ಬಂದಿಲ್ಲ. ಆಕೆ ದಿನಾ ಸಂಜೆ ಎರಡು ತಾಟು ಇಟ್ಟು ಕಾಯುತ್ತಾಳೆ. ಪರಸ್ಥಳದವನೊಬ್ಬ ದಿನಾ ಬಂದು ರೊಟ್ಟಿ ಒಯ್ಯುತ್ತಾನೆ, ಹೆಚ್ಚು ಮಾತಿಲ್ಲ. ಕಡೆಗೊಂದು ದಿನ ಹಿಮದ ಗಾಳಿ ಎದ್ದಾಗ ಯಾರೋ ಬಾಗಿಲು ಬಡಿಯುತ್ತಾರೆ.

ಆ ಗಾಳಿ ಏಳುವ ಹೊತ್ತಿಗೆ ನಾನು ಸಂಜೆಪೂಜೆಗೆಂದು ಮನೆಗೆ ಎದ್ದಿದ್ದೆ. ಮುಂದಿನದನ್ನು ಅಕ್ಕೋರೇ ಹೇಳಿದರು. ಗಾಳಿಯ ಸದ್ದು ಕೇಳಿಸಿತಂತೆ. ಅದರ ಜೋಡಿ ಇನ್ನೊಂದು ಸದ್ದು, ಅದು ಮಾತ್ರ ಪರದೇಶದ್ದಲ್ಲ, ನಮ್ಮ ಸಾವಕಾರರ ಮೂಗಿನದು. ಬಾಗಿಲು ಬಡಿದದ್ದು ಕೇಳಿತು, ಬಾಗಿಲು ಕಿರುಗುಟ್ಟಿದ್ದು ಕೇಳಿತು, ಆಮೇಲೆ ದೊಡ್ಡ ಸಂಗೀತ. ಸಂಗೀತಕ್ಕೆ ಸಾವಕಾರರು ಬೆಚ್ಚಿ ಎದ್ದರು. "ಹಾಂ, ಮುಗೀತು" ಅಂದರು.

"ಬಂದಾವ ಯಾರ್ರಿ? ಗಂಡನೋ, ಆ ರೊಟ್ಟಿ ಒಯ್ಯಾವನೋ? ಆಕಿ ಏನ ಮಾಡಿದ್ಲು?"

ಸಾವಕಾರರು ಕಣ್ಣಿನ ಕೊನೆ ಒರೆಸಿಕೊಂಡು, ಬೀಜ ಹುಟ್ಟುತ್ತದೋ ಇಲ್ಲವೋ ಎಂದು ಕೇಳುವ ರೈತರಿಗೆ ಹೇಳುವ ದನಿಯಲ್ಲೇ ಹೇಳಿದರು: "ಏನಿಲ್ಲ. ಎಲ್ಲಾ ಚಲೋ ಆತು."

೩. ನಾನು ಹಚ್ಚಿದ ಪುರಾಣ

ಇದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಓದುವುದೆಂದರೆ ಏನೆಂದು ತಿಳಿದವರು ಓದಬೇಕು. ನಾನು ಕಲಿತದ್ದು ಹಳ್ಳಿಯ ಸಾಲಿಯಲ್ಲೇ ಆದರೂ, ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಓದುವವನು ನಾನೇ. ಒಂದು ಪದ್ಯ ರಾಗ ಮಾಡಿ ಹಾಡಬೇಕು, ನಿಲ್ಲಬೇಕು, ಅರ್ಥ ಹೇಳಬೇಕು, ಕೇಳುವವರು ಹೂಂ ಅನ್ನಬೇಕು, ಆಮೇಲೆ ಮುಂದಿನ ಪದ್ಯ. ಇದು ಕ್ರಮ.

ಮರುದಿನ ಸ್ನಾನ ಮಾಡಿ, ವಿಭೂತಿ ಧರಿಸಿ, ಅಕ್ಕೋರ ಕಂಪ್ಯೂಟರಿನ ಮುಂದೆ ಮಣೆ ಹಾಕಿಸಿಕೊಂಡು ಕುಳಿತೆ. ಮೊದಲನೇ ಸಾಲು ಬಂತು. "ಈ ಸಲ ಚಳಿ ಬೇಗ ಬಂತು." ನಾನು ಅದನ್ನು ರಾಗದಲ್ಲಿ ಎತ್ತಿಕೊಂಡು, ಚಳಿಯೆಂದರೆ ಸಂಸಾರ, ಬೇಗ ಬಂತೆಂದರೆ ಮನುಷ್ಯನಿಗೆ ತಯಾರಿ ಇರಲಿಲ್ಲ ಎಂದು ಅರ್ಥ ಹೇಳಿ ತಲೆಯೆತ್ತಿ ನೋಡುತ್ತೇನೆ, ತೆರೆಯ ಮೇಲೆ ಚಳಿಗಾಲ ಮುಗಿದು ಜನ ಹುಲ್ಲು ಕೊಯ್ಯುತ್ತಿದ್ದಾರೆ! ಆ ದೇಶದವರು ಬಹಳ ಅವಸರದ ಜನ. ಒಂದು ಮಾತಾಡಿ ಅರ್ಥಕ್ಕೆಂದು ಕಾಯುವ ರೂಢಿಯೇ ಇಲ್ಲ.

ಅಕ್ಕೋರು ಅದನ್ನು ನಿಲ್ಲಿಸುವ ಗುಂಡಿ ಒತ್ತಿ ಒತ್ತಿ ನನಗೆ ಪುರುಸೊತ್ತು ಕೊಟ್ಟರು. ಕಥೆ ಸಾಗಿತು. ಒಂದು ಕಡೆ ರೊಟ್ಟಿ ಒಯ್ಯುವವನು ಆಕೆಯ ಕೈಹಿಡಿದು ಒಂದು ಮಾತು ಹೇಳಿದ. ಆ ಮಾತು ಶ್ರಾವಣ ಸೋಮವಾರ ಓದುವಂಥದ್ದಲ್ಲ. ನಾನು ಹಿಂದೆಮುಂದೆ ನೋಡಲಿಲ್ಲ. "ಆ ಪುರುಷನು ಆಕೆಗೆ, ತಂಗೀ, ನಿನಗೆ ಒಳ್ಳೆಯದಾಗಲಿ ಎಂದು ಹರಸಿದನು" ಎಂದು ಓದಿದೆ.

"ತಂಗಿ ಅಂದನ್ರಿ?" ಅಕ್ಕೋರು ಕೇಳಿದರು.

"ಬಾಯಿ ತುಂಬ ಅಂದಾ."

"ಮತ್ತ ಆಕಿ ಉಸರ ಯಾಕ ಹಂಗ ಬಿಟ್ಲು?"

"ಅಣ್ಣ-ತಂಗಿ ಕಳ್ಳುಬಳ್ಳಿ ನೋಡ್ರಿ" ಅಂದೆ.

ಕಡೆಗೆ ಗಾಳಿ ಎದ್ದಿತು, ಬಾಗಿಲು ಬಡಿಯಿತು. ಬಾಗಿಲಾಚೆ ಯಾರೇ ಇರಲಿ, ಇನ್ನು ಮುಂದೆ ನಡೆಯುವುದು ನನ್ನಂಥವನು ನೋಡತಕ್ಕದ್ದಲ್ಲ ಎಂದು ನನ್ನ ಮನಸ್ಸಿಗೆ ಖಾತ್ರಿಯಾಯಿತು. ಕಣ್ಣು ಗಟ್ಟಿಯಾಗಿ ಮುಚ್ಚಿದೆ. ಆದರೆ ಕಥೆಯನ್ನು ನಡುವೆ ಬಿಟ್ಟರೆ ದೋಷ. ಆದ್ದರಿಂದ, ಗಂಡನು ತೀರಿಹೋದ ಸುದ್ದಿ ಬಂದು, ಹಿರಿಯರು ಒಪ್ಪಿ, ರೊಟ್ಟಿ ಒಯ್ಯುವವನಿಗೂ ಆಕೆಗೂ ಐನೋರು ವಿಧಿಪ್ರಕಾರ ಉಡಿಕಿ, ಅಂದರೆ ಮರುಲಗ್ನ, ಮಾಡಿಸಿದರೆಂದು ಹೇಳಿ, ಮಂಗಳ ಹಾಡಿ ಕಣ್ಣು ತೆರೆದೆ. ತೆರೆ ಕಪ್ಪಾಗಿತ್ತು.

ಅಕ್ಕೋರು ನನ್ನ ಕಡೆ ಹೊರಳಿದರು. "ಅಣ್ಣಾರ, ಈಗ ತಂಗಿ ಅಂದಿದ್ನಲ್ರಿ?"

ಇದು ನನಗೆ ಹೊಳೆದಿರಲಿಲ್ಲ.

"ಇರ್ಲಿ. ಆ ಹಿಮದ ಊರಾಗ ಐನೋರು ಎಲ್ಲಿಂದ ಬಂದ್ರು?"

"ಭಕ್ತಿ ಇದ್ರ ಎಲ್ಲಿಂದರೆ ಬರ್ತಾರ್ರಿ ಅಕ್ಕೋರ!" ಅಂದೆ. ಭಕ್ತಿಯ ಮಾತಿಗೆ ಎದುರು ಮಾತಿಲ್ಲ.

೪. ಅಂಕಿ ಹೇಳುವ ಮನೆ

ಆ ದಿನವೇ ಅಕ್ಕೋರು ಬೆಳಗಾವಿಗೆ ಫೋನು ಮಾಡಿ ಶಿಷ್ಯೆಯನ್ನು ತರಾಟೆಗೆ ತೆಗೆದುಕೊಂಡರು. "ಇಲ್ಲಿ ನಿನ್ನ ಸಿನಿಮಾ ಒಬ್ಬರು ಮಾರತಾರ, ಒಬ್ಬರು ಪೂಜಿ ಮಾಡತಾರ. ಓದಾವ್ರು ಯಾರೂ ಇಲ್ಲ. ಅಕ್ಷರ ಚಿತ್ರದೊಳಗ ಹುಗಿದಿಟ್ರ ನಮ್ಮ ಓದೂವಾಕಿ ಹೆಂಗ ತಗೀಬೇಕು? ಅವನ್ನ ಬ್ಯಾರೆ ಮಾಡಿ ಕಳಸು."

"ತಪ್ಪಾತ್ರಿ ಅಕ್ಕೋರ, ಹೊಳೀಲಿಲ್ಲ" ಎಂದು ಶಿಷ್ಯೆ ಅಕ್ಷರಗಳನ್ನೆಲ್ಲ ಬೇರೆ ಕಡತ ಮಾಡಿ ಕಳಿಸಿದಳು. ಆದರೆ ಆ ಕಡತದಲ್ಲಿ ಪ್ರತಿ ಮಾತಿನ ಮೇಲೆ ಅದರ ನಂಬರು, ಅದು ತೆರೆಗೆ ಬರುವ ಗಂಟೆ, ನಿಮಿಷ, ಸೆಕೆಂಡು, ಹೋಗುವ ಗಂಟೆ, ನಿಮಿಷ, ಸೆಕೆಂಡು ಎಲ್ಲ ಇರುತ್ತವೆ. ಸಿನಿಮಾದ ಜೋಡಿ ಹಚ್ಚಿದರೆ ಅಂಕಿ ಮರೆಯಾಗುತ್ತವೆ, ಬರೀ ಮಾತು ಉಳಿಯುತ್ತದೆ. ಅಕ್ಕೋರು ಅವಸರಕ್ಕೆ ಕಡತವನ್ನೇ ನೇರ ತೆರೆದರು. ಓದೂವಾಕಿ ಪಡಸಾಲೆಯಲ್ಲಿ ಕುಳಿತು ಗಟ್ಟಿ ದನಿಯಲ್ಲಿ ಶುರುಮಾಡಿದಳು. ನಂಬರು, ಅಂಕಿ, ಅಂಕಿ, ಅಂಕಿ, ನಡುವೆ ಒಮ್ಮೆ "ರೊಟ್ಟಿ ಆರಿತು", ಮತ್ತೆ ಅಂಕಿ, ಅಂಕಿ.

ಹಿತ್ತಲ ಖೋಲಿಯಲ್ಲಿ ಸವದತ್ತಿ ಕಡೆಯವನೊಬ್ಬ ಬಾಡಿಗೆಗಿದ್ದ. ಟಂಟಂ ಎಂಬ ಮೂರು ಗಾಲಿಯ ಗಾಡಿ ಹೊಡೆಯುವುದು ಕಸುಬು, ಓಸಿ ಆಡುವುದು ಭಕ್ತಿ. ಓಸಿ ಎಂದರೆ ಅಂಕಿ ಊಹಿಸಿ ಹಚ್ಚುವ ಜೂಜು. ಯಾವ ಅಂಕಿ ಬರುತ್ತದೆಂದು ಇಂಥವರು ಕನಸು, ಹಲ್ಲಿ, ಬಸ್ಸಿನ ಚೀಟಿ ಎಲ್ಲದರಲ್ಲೂ ಹುಡುಕುತ್ತಾರೆ. ಈ ಪುಣ್ಯಾತ್ಮ ಕಿಟಕಿಯ ಕೆಳಗೆ ಕುಳಿತು ಕೇಳಿದ. ಕಣ್ಣು ಕಾಣದ ತಾಯಿಯ ಮನೆಯಲ್ಲಿ, ಶ್ರಾವಣದಲ್ಲಿ, ಅಶರೀರ ವಾಣಿಯೊಂದು ಅಂಕಿ ನುಡಿಯುತ್ತಿದೆ! ಹೋಗಿ ಹಚ್ಚಿದ. ದೇವರ ಲೀಲೆ, ಹತ್ತಿಬಿಟ್ಟಿತು.

ಮರುದಿನ ಬೆಳಿಗ್ಗೆ ಅಕ್ಕೋರ ಕಟ್ಟೆಯ ಮೇಲೆ ತೆಂಗಿನಕಾಯಿ ಹಿಡಿದ ಗಂಡಸರ ಸಾಲು. "ತಾಯಿ, ಒಂದ ನುಡಿ ಆಗ್ಲಿ" ಎಂದು ಒಬ್ಬ. "ರೊಟ್ಟಿ ಆರಿತು ಅಂದ್ರ ಆರ ಹಚ್ಚಬೇಕೋ, ಬಿಡಬೇಕೋ?" ಎಂದು ಇನ್ನೊಬ್ಬ. ಅಕ್ಕೋರು ಕೋಲು ಹಿಡಿದು ಹೊರಗೆ ಬಂದ ಮೇಲೆ ಕಟ್ಟೆ ಖಾಲಿಯಾಯಿತು.

ಪೊಲೀಸ್ ಠಾಣೆಗೆ ಸುದ್ದಿ ಹೋಗಿ ಒಬ್ಬ ಹವಾಲ್ದಾರರು ಬಂದರು. ಬಹಳ ಗಂಭೀರ ಮನುಷ್ಯ. ಚಹಾ ಕುಡಿದು, ಕಂಪ್ಯೂಟರನ್ನು ಸುತ್ತಿ ನೋಡಿ, ಸಿನಿಮಾದ ಅಕ್ಷರದ ಸಂಗತಿಯನ್ನೆಲ್ಲ ಕೇಳಿಸಿಕೊಂಡು, "ಅಲ್ರೀ ಅಕ್ಕೋರ, ನೀವು ಕಲಿಸಾವ್ರು. ಜನಾ ತಪ್ಪ ತಿಳಕೊಳ್ಳೂವಂಥಾ ಕೆಲಸ ಆಗಬಾರದು ನೋಡ್ರಿ" ಎಂದು ಬುದ್ಧಿ ಹೇಳಿ ಎದ್ದರು. ಬಾಗಿಲತನಕ ಹೋದವರು ನಿಂತರು. ಆಚೆ ಈಚೆ ನೋಡಿ, ದನಿ ಇಳಿಸಿ ಕೇಳಿದರು:

"ಇವತ್ತ... ಏನರೆ ಅಂದಾಳೇನ್ರಿ?"

೫. ಹೂಂ ಅನ್ನುವ ಪುರುಸೊತ್ತು

ಕಡತವನ್ನು ಸಿನಿಮಾದ ಜೋಡಿ ಹಚ್ಚುವ ರೀತಿಯನ್ನು ಶಿಷ್ಯೆ ಫೋನಿನಲ್ಲೇ ಹೇಳಿಕೊಟ್ಟಳು. ಈಗ ತೆರೆಯ ಮೇಲೆ ಯಾರಾದರೂ ಮಾತಾಡಿದ ಕೂಡಲೆ ಓದೂವಾಕಿ ಅದರ ಕನ್ನಡ ಹೇಳತೊಡಗಿದಳು. ಅಕ್ಕೋರ ಮುಖದ ಮೇಲಿನ ಕಳೆ ಏನು ಹೇಳಲಿ! ಆದರೆ ಓದೂವಾಕಿಯ ಓಟ ಮಾತ್ರ ಮುಂದಿನ ಊರಿನ ಲಗ್ನಕ್ಕೆ ತಡವಾದ ಐನೋರ ಮಂತ್ರದ ಹಾಗೆ. ಅಕ್ಕೋರಿಗೆ ಅದೇ ರೂಢಿ. ನನ್ನ ಕಿವಿಗೆ ಜೋಳ ಸುರಿದ ಸದ್ದು.

ಓಣಿಯ ಹೆಣ್ಣುಮಕ್ಕಳಿಗೆ ಅದು ಪುರಾಣದಂತೆ ಕೇಳಿಸಿತು. ಶ್ರಾವಣದಲ್ಲಿ ಒಂದು ಮನೆಯೊಳಗಿಂದ ನಿಲ್ಲದೆ ಓದುವ ದನಿ ಬಂದರೆ ಮತ್ತೇನು ತಿಳಿಯಬೇಕು? ಎದುರು ಮನೆಯ ಮುದುಕಿ ಆಯಿ ಮುಂದಾಗಿ, ನನ್ನ ಮನೆಯವಳನ್ನೂ ಕೂಡಿಸಿಕೊಂಡು, ಊದಿನಕಡ್ಡಿ ಹಿಡಿದು ಬಂದು, ಕಂಪ್ಯೂಟರಿಗೆ ಕೈಮುಗಿದು ಕುಳಿತರು. ಶ್ರಾವಣದಲ್ಲಿ ಹೊಸ್ತಿಲು ತುಳಿದು ಬಂದವರನ್ನು ಎಬ್ಬಿಸುವುದು ಹೇಗೆ?

ಆಯಿ ಮೊದಲನೇ ಮಾತಿಗೆ "ಹೂಂ" ಅಂದಳು. ಅಷ್ಟರಲ್ಲಿ ಮೂರು ಮಾತು ದಾಟಿದ್ದವು. "ಅಯ್ಯ, ಇಕಿ ಎಂಥಾಕಿ! ಹೂಂ ಅನ್ನಾಕೂ ಬಿಡವಲ್ಲಳು. ಒಂಚೂರು ಸಾವಕಾಶ ಓದವಾ."

ಅಕ್ಕೋರು ಓಟ ಇಳಿಸಿದರು. ಈಗ ಸಿನಿಮಾ ಮುಂದೆ, ಓದು ಹಿಂದೆ. ತೆರೆಯ ಮೇಲೆ ಗಡ್ಡದ ಗಂಡಸು ಬಾಯಿ ತೆರೆದಾಗ, "ನನ್ನ ಗಂಡ ಎಲ್ಲಿರುವನೋ" ಎಂಬ ಮಾತು ಬಂತು.

"ಇವಂಗೂ ಗಂಡ ಅದಾನ?" ಆಯಿ ಕೇಳಿದಳು.

"ಪರದೇಶ ಐತೆವ್ವಾ, ಅಲ್ಲಿ ನಡೀತೈತಿ" ಎಂದು ನನ್ನ ಮನೆಯವಳು ತಿಳಿದವಳ ಹಾಗೆ ಹೇಳಿದಳು.

ರೊಟ್ಟಿ ಸುಡುವುದನ್ನು ಕಂಡು ಆಯಿಗೆ ಸಮಾಧಾನವಾಗಲಿಲ್ಲ. "ಬಡಿಯೂದಿಲ್ಲ, ಏನಿಲ್ಲ, ಮುದ್ದಿ ಮಾಡಿ ಒಲ್ಯಾಗ ದೂಕತಾಳ. ಗಿಣ್ಣಿನಷ್ಟ ದಪ್ಪ! ಇಂಥಾ ರೊಟ್ಟಿ ತಿಂದಾವ ದೋಣಿ ಹತ್ತಿ ಓಡಿ ಹೋಗಲಾರದ ಏನ ಮಾಡ್ತಾನ?"

ಇಷ್ಟು ಸಾಲದೆಂಬಂತೆ ಇನ್ನೊಂದು ಸಂಗತಿ. ಆ ಕಡತದಲ್ಲಿ ಮಾತಷ್ಟೇ ಅಲ್ಲ, ಕಿವಿ ಕೇಳದವರಿಗೆ ತಿಳಿಯಲೆಂದು ಸದ್ದುಗಳನ್ನೂ ಬರೆದಿದ್ದರು. ಗಾಳಿ ಎದ್ದಿತು. ಗಾಳಿಯ ಸದ್ದು ನಮಗೆಲ್ಲ ಕೇಳಿಸಿತು. ಆಮೇಲೆ ಓದೂವಾಕಿ ಸಾವಕಾಶವಾಗಿ ಹೇಳಿದಳು: "ಗಾಳಿ ಬೀಸುವ ಸದ್ದು." ನಾಯಿ ಬೊಗಳಿತು. ಅದು ಬೊಗಳಿ ಹೋದ ಮೇಲೆ, "ನಾಯಿ ಬೊಗಳುವ ಸದ್ದು."

"ಹೂಂ" ಅಂದಳು ಆಯಿ.

ಅಕ್ಕೋರು ಸಿಟ್ಟಿಗೆದ್ದು ಅಲ್ಲಿಗೇ ನಿಲ್ಲಿಸಿ ಶಿಷ್ಯೆಗೆ ಮತ್ತೆ ಫೋನು ಹಚ್ಚಿದರು. "ಏನವಾ, ನಾಯಿ ಬೊಗಳಿದ್ದ ನನಗ ಕೇಳಸತೈತಿ. ಕಣ್ಣ ಇಲ್ಲ ಖರೆ, ಕಿವಿ ಅದಾವು. ಯಾರೂ ಮಾತಾಡಲಾರದಾಗ ತೆರಿ ಮ್ಯಾಲ ಏನ ನಡದೈತಿ ಅದನ್ನ ಬರಿ. ಕಡೀಕ ಆ ಬಾಗಿಲಾ ತಗದ ಮ್ಯಾಲ ಒಬ್ಬರೂ ಪಿಟಕ್ಕ ಅನ್ನೂದಿಲ್ಲ. ಬಂದಾವ ಯಾರು, ನನಗ ಹೆಂಗ ತಿಳೀಬೇಕು?"

ಶಿಷ್ಯೆ, "ಬರದ ಕಳಸತೇನ್ರಿ. ಆದ್ರ ಅಮಾಸಿ ಬಂತಲ್ರಿ" ಅಂದಳು.

"ಅದಕ್ಕ ಅನ್ನಾಕತ್ತೇನಿ" ಅಂದರು ಅಕ್ಕೋರು. ಆ ಮಾತಿನಲ್ಲಿ ನಗೆಯಿರಲಿಲ್ಲ.

೬. ಅಮಾವಾಸ್ಯೆಯ ಇಳಿಹೊತ್ತು

ಹೊಸ ಕಡತ ಬಂದದ್ದು ಅಮಾವಾಸ್ಯೆಯ ದಿನವೇ. ಪರವಾನಿಗೆ ಮುಗಿಯುವುದೂ ಅಂದೇ, ಮಠದಲ್ಲಿ ನನ್ನ ಪುರಾಣದ ಮಂಗಳವೂ ಅಂದೇ. ಇಳಿಹೊತ್ತಿಗೆ ಅಕ್ಕೋರ ಪಡಸಾಲೆ ತುಂಬಿತ್ತು. ಓಣಿಯ ಹೆಣ್ಣುಮಕ್ಕಳು, ಅಂಗಡಿ ಮುಚ್ಚಿ ಬಂದ ಸಾವಕಾರರು, ಕಾಯಿ ಹಿಡಿಯದೆ ಬಂದ ಟಂಟಂನವನು. ಕರೆದವರು ಯಾರೂ ಇಲ್ಲ. ಸಹಾಯಕ್ಕೆಂದು ತಾವಾಗೇ ಬಂದವರು.

ಸಿನಿಮಾ ಶುರುವಾಯಿತು. ಓದೂವಾಕಿ ಈ ಸಲ ಮಾತಿನ ನಡುವೆ ಕಂಡದ್ದನ್ನೂ ಹೇಳುತ್ತಿದ್ದಳು: ಆಕೆ ಎರಡನೇ ತಾಟು ತೆಗೆದಿಟ್ಟಳು, ಅವನು ಹೊರಗೆ ನಿಂತು ಕಿಟಕಿ ನೋಡಿದ. ಅಕ್ಕೋರು ಅಲುಗಾಡಲಿಲ್ಲ. ಆದರೆ ಓಣಿಗೆ ಓಣಿಯೇ ಹೂಂ ಅನ್ನತೊಡಗಿದರೆ ಓದೂವಾಕಿಯ ದನಿ ಎ‌ಲ್ಲಿ ಕೇಳಬೇಕು? ಕೈಹಿಡಿದು ಹರಸಿದ ಜಾಗ ಬಂದಾಗಂತೂ ಟಂಟಂನವನು, "ಏ, ಇಲ್ಲಿ ತಂಗಿ ಅಂತಾನಂತ, ಕೇಳ್ರಿ, ಕೇಳ್ರಿ" ಎಂದು ಕೂಗಿದ. ಓದೂವಾಕಿ ಅಲ್ಲಿ ಏನು ಓದಿದಳೋ ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದರು. ನನ್ನ ಮನೆಯವಳು ನನ್ನ ಕಡೆ ಒಮ್ಮೆ ನೋಡಿದಳು. "ಭಾಳ ಚಲೋ ಹರಸ್ಯಾನ ಬಿಡ್ರಿ" ಅಂದಳು.

ಗಾಳಿ ಎದ್ದಿತು. ಗದ್ದಲ ನಿಲ್ಲಲಿಲ್ಲ. ಆಗ ಅಕ್ಕೋರು ಕೈಯಾಡಿಸಿ ಇಯರ್‌ಫೋನ್ ತೆಗೆದು ಒಂದು ಕಿವಿಗೆ ಸಿಗಿಸಿಕೊಂಡರು. ಏನೋ ಒತ್ತಿದರು. ಸಿನಿಮಾದ ಸದ್ದು ಹೊರಗೇ ಉಳಿಯಿತು, ಓದೂವಾಕಿ ಮಾತ್ರ ಕಿವಿಯೊಳಗೆ ಹೋದಳು.

"ಅವ್ವಾ, ನಮಗ ಕೇಳಸವಲ್ಲದು!" ಆಯಿ ಬೊಬ್ಬೆಯಿಟ್ಟಳು.

"ನಿಮಗ ಕಣ್ಣ ಅದಾವಲ್ಲ, ನೋಡ್ರಿ" ಅಂದರು ಅಕ್ಕೋರು.

ಬಾಗಿಲು ಬಡಿಯಿತು. ಪಡಸಾಲೆ ಗಪ್ಪಾಯಿತು. ಇನ್ನೊಮ್ಮೆ ಬಡಿಯಿತು. ಹೆಜ್ಜೆ ಸದ್ದು. ಬಾಗಿಲು ಕಿರುಗುಟ್ಟಿತು. ಆಮೇಲೆ ಬರೀ ಗಾಳಿ.

ಅಕ್ಕೋರ ಮುಖ ಮೊದಲು ಬಿಗಿಯಿತು. ಹುಬ್ಬು ಮೇಲೆ ಹೋಯಿತು. ತುಟಿ ತುಸು ತೆರೆಯಿತು. ಆಮೇಲೆ ನಿಧಾನವಾಗಿ, ಬಿಸಿಲು ಏರಿದ ಹಾಗೆ, ಒಂದು ನಗು ಹರಡಿತು. ಕಣ್ಣಿನಿಂದ ನೀರು ಇಳಿದು ಗದ್ದಕ್ಕೆ ಬಂತು. ಅವರು ಒರೆಸಿಕೊಳ್ಳಲಿಲ್ಲ. ಸಂಗೀತ ಎದ್ದಿತು, ಮುಗಿಯಿತು. ಅಕ್ಕೋರು ಇಯರ್‌ಫೋನ್ ತೆಗೆದರು.

ಅದೇ ಕ್ಷಣಕ್ಕೆ ಕರೆಂಟು ಹೋಯಿತು.

"ಬಂದಾವ ಯಾರ್ರಿ ಸಾವಕಾರ್ರ?" ನಾನು ಮೆಲ್ಲಗೆ ಕೇಳಿದೆ. ನಾನು ನಿಯಮದ ಪ್ರಕಾರ, ಬಾಗಿಲು ಬಡಿದ ಕೂಡಲೆ ಮುಖ ತಿರುಗಿಸಿದ್ದೆ. ತಿರುಗಿಸಿದ ಕಡೆ ಅಕ್ಕೋರಿದ್ದರು, ಅಷ್ಟೆ.

"ನಾ ಇಕಿ ಮಾರಿ ನೋಡಾಕತ್ತಿದ್ದೆ" ಅಂದರು ಸಾವಕಾರರು. "ಆಯಿ, ನೀವು ಮುಂದ ಕುಂತಿದ್ರೆಲ್ಲ?"

"ಎಲ್ಲೀ ಯಪ್ಪಾ, ಅಕ್ಕೋರು ಅಳಾಕತ್ತಿದ್ರು, ಸಿನಿಮಾ ಯಾರ ನೋಡ್ತಾರ?"

ನನ್ನ ಮನೆಯವಳು ಅಕ್ಕೋರನ್ನು ನೋಡುತ್ತಿದ್ದಳು. ಟಂಟಂನವನೂ ಅಕ್ಕೋರನ್ನೇ ನೋಡುತ್ತಿದ್ದ. ಪಡಸಾಲೆಯ ತುಂಬ ಕಣ್ಣು, ಒಂದು ಕಣ್ಣೂ ತೆರೆಯ ಮೇಲಿರಲಿಲ್ಲ. ಆ ಬಾಗಿಲಲ್ಲಿ ಯಾರು ಬಂದು ನಿಂತರು, ಆಕೆ ಒಳಗೆ ಕರೆದಳೋ ಇಲ್ಲವೋ ಎಂದು ಬಲ್ಲವರು ಅಲ್ಲಿ ಒಬ್ಬರೇ.

ಸಾವಕಾರರು ಹೆಂಡತಿಯ ಹತ್ತಿರ ಸರಿದು, ಅಂಗಡಿಯಲ್ಲಿ ಎಂದೂ ಬಳಸದ ಮೆತ್ತನೆಯ ದನಿಯಲ್ಲಿ ಕೇಳಿದರು: "ಯಾರ ಬಂದಿದ್ರು? ಗಂಡನೋ, ಅಂವನೋ? ಏನಾತು?"

ಅಕ್ಕೋರು ಸೆರಗಿನಿಂದ ಗದ್ದ ಒರೆಸಿಕೊಂಡರು. ಯಜಮಾನರದೇ ದನಿ, ಯಜಮಾನರದೇ ಗತ್ತು:

"ಏನಿಲ್ಲ. ಎಲ್ಲಾ ಚಲೋ ಆತು."

ಕರೆಂಟು ಬಂದದ್ದು ಬೆಳಿಗ್ಗೆ. ಅಷ್ಟೊತ್ತಿಗೆ ಪರವಾನಿಗೆ ಮುಗಿದಿತ್ತು. ಬೆಳಗಾವಿಯ ಶಿಷ್ಯೆಗೆ ನಾನೇ ಫೋನು ಮಾಡಿ ಕೇಳಿದೆ. "ಅಕ್ಕೋರು ಹೇಳಬ್ಯಾಡ ಅಂದಾರ್ರಿ ಕಾಕಾ" ಎಂದು ನಕ್ಕಳು. ಸಾವಕಾರರು ಈಗ ಊಟಕ್ಕೆ ಕುಳಿತಾಗಲೆಲ್ಲ ಕೇಳುತ್ತಾರಂತೆ, ಅಕ್ಕೋರು ರೊಟ್ಟಿಯ ಜೋಡಿ ಅದೇ ಉತ್ತರವನ್ನು ಬಡಿಸುತ್ತಾರಂತೆ. ಅಕ್ಕೋರಿಗೆ ಈಗ ಬೇರೆ ಬೇರೆ ಸಿನಿಮಾಗಳ ಕಡತ ಬರುತ್ತವೆ. ಬಾಗಿಲು ಹಾಕಿಕೊಂಡು ಒಬ್ಬರೇ ಕೇಳುತ್ತಾರೆ. ನಾನು ಗೋಡೆಯ ಈಚೆ ಜಪಕ್ಕೆ ಕುಳಿತಿರುತ್ತೇನೆ. ಜೋಳ ಸುರಿದ ಸದ್ದು ಬರುತ್ತದೆ, ನಡುವೆ ಅವರ ನಗೆ ಬರುತ್ತದೆ. ಏನೆಂದು ತಿಳಿಯುವುದಿಲ್ಲ.

ಆದ್ದರಿಂದ ಇದನ್ನು ಓದಿದ ಹಿರಿಯರಲ್ಲಿ, ತಾಯಂದಿರಲ್ಲಿ ನನ್ನದೊಂದು ವಿನಂತಿ. ಈ ಸಂಗತಿಯನ್ನು ನಿಮ್ಮ ಮನೆಯವರಿಗೆ ಹೇಳಿ, ಬಸ್ಸಿನಲ್ಲಿ ಮಗ್ಗುಲಿಗೆ ಕುಳಿತವರಿಗೆ ಹೇಳಿ, ಅವರು ತಮ್ಮ ಬೀಗರಿಗೆ ಹೇಳಲಿ. ಹೀಗೆ ಹೋಗುತ್ತ ಹೋಗುತ್ತ ಆ ಸಿನಿಮಾ ನೋಡಿದವರೊಬ್ಬರ ಕಿವಿಗೆ ಇದು ಎಲ್ಲಾದರೂ ಬಿದ್ದೇ ಬೀಳುತ್ತದೆ. ಬಾಗಿಲಲ್ಲಿ ಇದ್ದವನು ಯಾರೆಂದು ಅವರು ನೇಸರಗಿಗೆ ಒಂದು ಮಾತು ಮುಟ್ಟಿಸಲಿ. ಬರುವ ದಾರಿಯಲ್ಲಿ ಮಾತ್ರ ಯಾರೂ ಅದನ್ನು ಚುಟುಕು ಮಾಡಬಾರದು. ಲಗ್ನವನ್ನೂ ಮಾಡಿಸಬಾರದು. ಅದು ಆಗಲೇ ಒಮ್ಮೆ ಆಗಿದೆ.